ಆಹಾರಪೂರಕಗಳ ಶುದ್ಧಿವಿಚಾರ

ಶ್ರಾವಕನು ತನ್ನ ಆಹಾರವನ್ನು ಕಣ್ಣಾರೆ ಕಂಡು, ಶೋಧಿಸಿ, ಸೋಸಿ ಸೇವಿಸಬೇಕೆಂಬುದು ಶ್ರಾವಕಾಚಾರದ ಸಾಮಾನ್ಯ ನಿಯಮವಾಗಿದೆ. ನೀರನ್ನು ಸೋಸುವುದು, ಧಾನ್ಯವನ್ನು ಹಗಲಿನಲ್ಲಿ ಆರಿಸುವುದು, ಹಿಟ್ಟಿನ ಮರ್ಯಾದೆಯನ್ನು ದಿನವೆಣಿಸಿ ಪಾಲಿಸುವುದು, ಇವೆಲ್ಲವೂ ಮನೆಯೊಳಗೆ ಗೃಹಿಣಿಯ ದೃಷ್ಟಿಯ ಮುಂದೆ ನಡೆಯುವ ಕ್ರಿಯೆಗಳು. ಆದರೆ ಈಚಿನ ದಶಕಗಳಲ್ಲಿ ವ್ರತಿಕರ ಮನೆಗಳನ್ನೂ ಪ್ರವೇಶಿಸಿರುವ ಒಂದು ಬಗೆಯ ಆಹಾರವು ಕಾಣದ ಊರಿನಲ್ಲಿ, ಕಾಣದ ದ್ರವ್ಯಗಳಿಂದ ಸಿದ್ಧವಾಗಿ, ಮುಚ್ಚಿದ ಸೀಸೆಯಲ್ಲಿ ಬರುತ್ತದೆ. ಮಾತ್ರೆ, ಕ್ಯಾಪ್ಸೂಲು, ಪುಡಿ, ಪಾನಕಗಳ ರೂಪದಲ್ಲಿ ದೊರೆಯುವ ಜೀವಸತ್ವ, ಸುಣ್ಣ, ಕಬ್ಬಿಣ, ಗಿಡಮೂಲಿಕೆಗಳ ಸಾರ ಮುಂತಾದ ಇವುಗಳಿಗೆ ಆಹಾರಪೂರಕಗಳೆಂದು ಹೆಸರು. ಇವು ಕೊಳ್ಳೇಗಾಲದಂತಹ ಪೇಟೆಯ ಔಷಧದ ಅಂಗಡಿಗಳಲ್ಲಿ ಮಾತ್ರವಲ್ಲದೆ ಯಳಂದೂರು, ಹನೂರುಗಳ ಸಣ್ಣ ಅಂಗಡಿಗಳಲ್ಲಿಯೂ ದೊರೆಯುವಂತಾಗಿವೆ. ಇವುಗಳ ಶುದ್ಧಿಯನ್ನು ಕಣ್ಣಿನಿಂದ ಅರಿಯುವಂತಿಲ್ಲ. ಲೇಬಲನ್ನು ಓದಿ ಅರಿಯಬೇಕು. ಆ ಲೇಬಲಿನಲ್ಲಿ ಏನಿರಬೇಕೆಂಬುದನ್ನು ನಿರ್ಣಯಿಸುವುದು ಸರಕಾರದ ಕಾಯಿದೆ. ಕಾಯಿದೆಯ ದೃಷ್ಟಿಗೂ ವ್ರತದ ದೃಷ್ಟಿಗೂ ಎಲ್ಲಿ ಹೊಂದಿಕೆಯಿದೆ, ಎಲ್ಲಿ ಇಲ್ಲವೆಂಬುದೇ ಇಲ್ಲಿ ವಿಚಾರಣೀಯ ವಿಷಯ.

ಇಂತಹ ಪದಾರ್ಥಗಳನ್ನು ಸಂಪೂರ್ಣವಾಗಿ ತ್ಯಜಿಸಿಬಿಡಬಹುದಲ್ಲವೇ ಎಂದರೆ ಎಲ್ಲರಿಗೂ ಅದು ಸಾಧ್ಯವಲ್ಲ. ಬಿ12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ನಂಬುವಷ್ಟು ಪ್ರಮಾಣದಲ್ಲಿ ದೊರೆಯುವುದಿಲ್ಲ. ಮಾಂಸ, ಮೊಟ್ಟೆಗಳನ್ನು ಮುಟ್ಟದವರಿಗೆ ಹಾಲು ಮೊಸರುಗಳೇ ಅದರ ಆಧಾರ. ರಸಪರಿತ್ಯಾಗದಲ್ಲಿ ಹಾಲನ್ನೂ ಬಿಟ್ಟವರಿಗೆ ಆ ಆಧಾರವೂ ತಪ್ಪುತ್ತದೆ. ದೇಹದಲ್ಲಿ ಸಂಗ್ರಹವಿರುವುದರಿಂದ ಕೊರತೆಯು ಕೆಲವು ವರ್ಷಗಳವರೆಗೆ ಹೊರಗೆ ತೋರದು. ಆ ಮೇಲೆ ರಕ್ತಹೀನತೆ, ಕೈಕಾಲುಗಳ ಜೋಮು, ಮರೆವು ಇತ್ಯಾದಿಯಾಗಿ ಪ್ರಕಟವಾಗುತ್ತದೆ. ವರ್ಷಗಟ್ಟಲೆ ಏಕಭುಕ್ತವನ್ನಾಚರಿಸುವ ವೃದ್ಧರಿಗೆ ವೈದ್ಯರು ಬಿ12, ಡಿ ಜೀವಸತ್ವ, ಸುಣ್ಣದ ಮಾತ್ರೆಗಳನ್ನು ವಿಧಿಸುವುದು ಅಪರೂಪವಲ್ಲ. ತ್ಯಾಗಿಗಳಿಗೆ ಆಹಾರದೊಡನೆ ಔಷಧವನ್ನು ನೀಡುವ ದಾತೃವಿನ ಹೊಣೆಯಂತೂ ಇನ್ನೂ ಹೆಚ್ಚಿನದು. ಔಷಧದಾನವು ಚತುರ್ವಿಧ ದಾನಗಳಲ್ಲೊಂದು. ಕೈಯೊಡ್ಡಿ ನಿಂತ ತ್ಯಾಗಿಯು ಲೇಬಲನ್ನು ಓದುವವನಲ್ಲ; ದಾತೃವಿನ ಮಾತನ್ನು ನಂಬಿ ಸ್ವೀಕರಿಸುವವನು. ದಾತೃವು ಅರಿಯದೆ ಎಲುಬಿನಿಂದ ತಯಾರಾದ ಕ್ಯಾಪ್ಸೂಲನ್ನು ನೀಡಿದರೆ ಇನ್ನೊಬ್ಬರ ಜೀವಿತಾವಧಿಯ ವ್ರತಕ್ಕೆ ಭಂಗ ತಂದಂತಾಗುವುದು.

ಮೊದಲು ಕಾಯಿದೆಯ ಪೂರ್ವವೃತ್ತಾಂತ. ಆಹಾರದ ಕಲಬೆರಕೆಯನ್ನು ತಡೆಯಲು ಹಿಂದೆ ಪ್ರಾಂತಕ್ಕೊಂದು ಕಾನೂನಿತ್ತು. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೂ ಪಕ್ಕದ ಯಳಂದೂರು ಮೈಸೂರಿಗೂ ಸೇರಿದ್ದುದರಿಂದ, ಕೆಲವೇ ಮೈಲಿಗಳ ಅಂತರದ ಎರಡು ಊರುಗಳಲ್ಲಿ ಎರಡು ಸರಕಾರಗಳ ಆಡಳಿತ ನಡೆಯುತ್ತಿತ್ತು. 1954ರ ಆಹಾರ ಕಲಬೆರಕೆ ನಿಷೇಧ ಕಾಯಿದೆಯು ದೇಶಕ್ಕೆಲ್ಲ ಒಂದೇ ಕಟ್ಟಳೆಯನ್ನು ತಂದಿತು. ಆ ಕಾಯಿದೆಗೆ ಹಾಲಿಗೆ ನೀರು, ತುಪ್ಪಕ್ಕೆ ವನಸ್ಪತಿ ಬೆರೆಸುವವರು ಗೊತ್ತಿದ್ದರೇ ಹೊರತು, ಆಹಾರವೂ ಅಲ್ಲದ ಔಷಧವೂ ಅಲ್ಲದ ಪೂರಕಗಳು ಗೊತ್ತಿರಲಿಲ್ಲ. ಅದರ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 22ನೆಯ ಪ್ರಕರಣದಲ್ಲಿ ಇವುಗಳನ್ನು ಹೆಸರಿಸಿತು. ಪೂರಕಗಳಿಗೆಂದೇ ಪ್ರತ್ಯೇಕವಾದ ನಿಬಂಧನೆಗಳು 2016ರ ಡಿಸೆಂಬರಿನಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. ಇವುಗಳ ಪ್ರಕಾರ ಲೇಬಲಿನ ಮೇಲೆ ಪದಾರ್ಥವು ಆರೋಗ್ಯಪೂರಕವೆಂದೂ, ಔಷಧವಾಗಿ ಬಳಸತಕ್ಕುದಲ್ಲವೆಂದೂ, ಹೇಳಿದ ದಿನದ ಪ್ರಮಾಣವನ್ನು ಮೀರಬಾರದೆಂದೂ ಸ್ಪಷ್ಟವಾಗಿ ಮುದ್ರಿಸಬೇಕು. ರೋಗವನ್ನು ವಾಸಿಮಾಡುವುದೆಂದು ಹೇಳಿಕೊಳ್ಳುವುದು ನಿಷಿದ್ಧ. ಸೀಸೆಯ ಮೇಲೆ ಮಧುಮೇಹ ನಿವಾರಕವೆಂದು ಬರೆದು, ಕೆಳಗೆ ಆಹಾರದ ಪರವಾನಗಿ ಸಂಖ್ಯೆಯನ್ನು ಹಾಕಿದ್ದರೆ, ಅದು ಒಳಗಿನ ವಸ್ತುವನ್ನು ಪರೀಕ್ಷಿಸುವ ಮೊದಲೇ ತಪ್ಪು ಸರಕು.

ಪರವಾನಗಿ ಸಂಖ್ಯೆಯು 14 ಅಂಕಿಗಳದು. ಮೊದಲನೆಯ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಅನಂತರದ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ; ಕರ್ನಾಟಕಕ್ಕೆ 12, ಕೇಂದ್ರದ ಪರವಾನಗಿಗೆ 00. ಇಷ್ಟನ್ನು ತಿಳಿದವರು ಸುಳ್ಳು ಸಂಖ್ಯೆಯನ್ನು ಕೆಲವೊಮ್ಮೆ ಅಂಗಡಿಯಲ್ಲಿಯೇ ಹಿಡಿಯಬಲ್ಲರು.

ಹಸಿರು ಚಿಹ್ನೆಯು ಹೇಳುವುದು ಮತ್ತು ಹೇಳದಿರುವುದು

ಸಸ್ಯಾಹಾರವನ್ನು ಸೂಚಿಸುವ ಹಸಿರು ಚಿಹ್ನೆಯೂ ಮಾಂಸಾಹಾರವನ್ನು ಸೂಚಿಸುವ ಕಂದು ಚಿಹ್ನೆಯೂ 2001-02ರಲ್ಲಿ ಕಡ್ಡಾಯವಾದವು. 2020ರ ಲೇಬಲು ನಿಬಂಧನೆಗಳಲ್ಲಿ ಕಂದು ವೃತ್ತವು ತ್ರಿಕೋನವಾಯಿತು. ಬಣ್ಣವನ್ನು ಗುರುತಿಸಲಾಗದವರಿಗೂ ಈಗ ಆಕಾರದಿಂದ ಭೇದ ತಿಳಿಯುತ್ತದೆ. ಈ ಚಿಹ್ನೆಗಳಿಂದ ಸಮಾಜಕ್ಕಾದ ಉಪಕಾರವು ದೊಡ್ಡದು. ಆದರೆ ಹಸಿರನ್ನು ಕಂಡೊಡನೆ ವ್ರತಿಕನಿಗೆ ಗ್ರಾಹ್ಯವೆಂದು ತೀರ್ಮಾನಿಸುವುದು ಭ್ರಮೆ. ಕಾಯಿದೆಯು ಪ್ರಾಣಿಮೂಲದ ದ್ರವ್ಯವುಳ್ಳ ಆಹಾರವನ್ನು ಮಾಂಸಾಹಾರವೆಂದು ಕರೆದು, ಅದರಿಂದ ಹಾಲು ಮತ್ತು ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಕಾರ್ನೌಬ ಮೇಣ, ಅರಗು ಇಷ್ಟನ್ನು ಹೊರತುಪಡಿಸಿದೆ. (ಕಾರ್ನೌಬವು ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯ ಮೇಣ. ಪ್ರಾಣಿಮೂಲದ ವಿನಾಯಿತಿಯ ಪಟ್ಟಿಯಲ್ಲಿ ಅದು ಏಕೆ ಕುಳಿತಿದೆಯೋ ತಿಳಿಯದು.) ಇದರ ಅರ್ಥವೇನೆಂದರೆ, ಜೇನನ್ನು ಬೆರೆಸಿದ ಲೇಹ್ಯಕ್ಕೂ, ಅರಗಿನ ಹೊಳಪು ಕೊಟ್ಟ ಮಾತ್ರೆಗೂ ಹಸಿರು ಚಿಹ್ನೆಯನ್ನು ಹಾಕುವುದು ಕಾಯಿದೆಯಂತೆ ಸರಿಯೇ ಆಗಿದೆ.

ಮಧುತ್ಯಾಗವೋ ಅಷ್ಟಮೂಲಗುಣಗಳಲ್ಲಿಯೇ ಸೇರಿದ್ದು. ಸಮಂತಭದ್ರಾಚಾರ್ಯರು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಹೇಳಿದರೆ, ಅಮೃತಚಂದ್ರಾಚಾರ್ಯರು ಪಂಚೋದುಂಬರಗಳೊಡನೆ ಹೇಳಿದರು. ಮಧುವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಔಷಧಕ್ಕಾದರೂ ಜೇನು ಬೇಕೇ ಬೇಕೆಂಬ ವಾದಕ್ಕೆ ಉತ್ತರವಾಗಿ ಜೈನ ವೈದ್ಯಪರಂಪರೆಯೇ ನಿಂತಿದೆ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ ಮಾಂಸ ಮಧುಗಳಿಲ್ಲದ ಚಿಕಿತ್ಸೆಯನ್ನು ಸಂಸ್ಕೃತದ ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನೂ ಅದೇ ದಾರಿಯವನು. ಪೂಜ್ಯಪಾದರ ಹೆಸರಿನೊಡನೆ ಪರಂಪರೆಯು ಜೋಡಿಸುವ ಕನಕಗಿರಿಯು ಯಳಂದೂರಿಗೆ ಬಹಳ ದೂರವಲ್ಲದ ಮಲೆಯೂರಿನಲ್ಲಿಯೇ ಇದೆ. ಜೇನಿನ ಅನುಪಾನಕ್ಕೆ ಬದಲಾಗಿ ಬೆಲ್ಲವನ್ನೋ ತುಪ್ಪವನ್ನೋ ಸಕ್ಕರೆಪಾಕವನ್ನೋ ಕೊಡಲಾದೀತೇ ಎಂದು ವೈದ್ಯರನ್ನು ಕೇಳುವುದು ಆದಕಾರಣ ಹೊಸ ಹಟವೇನಲ್ಲ.

ಇಲ್ಲಿ ಒಂದು ಮಾತು ಅವಶ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಜೇನು ಪೂರ್ವಜರಿಂದ ಬಂದ ಜೀವನೋಪಾಯ. ಹೆಜ್ಜೇನು, ತುಡುವೆಗಳ ತುಪ್ಪವನ್ನು ಅವರು ತಮ್ಮ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದಿದ್ದಾರೆ. ಅದು ಕಲಬೆರಕೆಯಿಲ್ಲದ ಜೇನೇ ಎಂಬುದು ಕಾಯಿದೆಯ ಪ್ರಶ್ನೆ. ಅದು ಗ್ರಾಹ್ಯವೇ ಎಂಬುದು ವ್ರತದ ಪ್ರಶ್ನೆ. ಎರಡನೆಯದಕ್ಕೆ ಇಲ್ಲವೆಂದು ಉತ್ತರಿಸುವವನು ಮೊದಲನೆಯದರಲ್ಲಿ ಅವರ ಸರಕಿಗೆ ಕಳಂಕ ಹಚ್ಚುವ ಕಾರಣವಿಲ್ಲ.

2022ರಲ್ಲಿ ಸಸ್ಯಮೂಲ ಮಾತ್ರದ ಆಹಾರಗಳಿಗಾಗಿ ಬೇರೆ ನಿಬಂಧನೆಗಳು ಬಂದು, ವೀಗನ್ ಎಂಬ ಹೆಸರಿನ ಪ್ರತ್ಯೇಕ ಚಿಹ್ನೆಯು ಏರ್ಪಟ್ಟಿತು. ಈ ಚಿಹ್ನೆಯುಳ್ಳ ಪದಾರ್ಥದಲ್ಲಿ ಹಾಲೂ ಇರದು, ಜೇನೂ ಅರಗೂ ಇರವು. ಮಧುತ್ಯಾಗಿಗೆ ಹಸಿರು ಚಿಹ್ನೆಗಿಂತ ಇದು ಹೆಚ್ಚು ನಂಬತಕ್ಕದ್ದು. ಆದರೆ ಹಾಲಿನ ಸಕ್ಕರೆಯನ್ನು ಬೆರೆಸಿದ ನಿರ್ದೋಷವಾದ ಮಾತ್ರೆಗೆ ಈ ಚಿಹ್ನೆ ದೊರೆಯದಾದ್ದರಿಂದ, ಚಿಹ್ನೆಯಿಲ್ಲವೆಂಬ ಮಾತ್ರಕ್ಕೆ ಅಗ್ರಾಹ್ಯವೆನ್ನಲಾಗದು. ಅನಂತಕಾಯದ ವಿಷಯದಲ್ಲಂತೂ ಎರಡು ಚಿಹ್ನೆಗಳೂ ಮೌನವಾಗಿವೆ. ಬೆಳ್ಳುಳ್ಳಿಯ ಸಾರ, ಬೀಟ್‌ರೂಟಿನ ಬಣ್ಣ, ಆಲೂಗೆಡ್ಡೆಯ ಪಿಷ್ಟ ಇವೆಲ್ಲ ಕಾಯಿದೆಗೆ ಬರಿಯ ಸಸ್ಯಗಳು. ಮಾತ್ರೆಯನ್ನು ಗಟ್ಟಿಮಾಡುವ ಪಿಷ್ಟವು ಮೆಕ್ಕೆಜೋಳದ್ದೋ ಗೆಡ್ಡೆಯದೋ ಎಂಬುದನ್ನು ತಯಾರಕರಿಗೆ ಪತ್ರ ಬರೆದು ಕೇಳಿಯೇ ತಿಳಿಯಬೇಕಾದ ಸಂದರ್ಭಗಳುಂಟು.

ದ್ರವ್ಯಗಳ ಮೂಲ

ಕೊಳ್ಳೇಗಾಲವು ರೇಷ್ಮೆಯ ಊರು. ಮಳಿಗೆಯಲ್ಲಿ ಹರಡಿದ ಸೀರೆಯ ಹೊಳಪಿನಲ್ಲಿ ಗೂಡಿನೊಳಗಿನ ಹುಳುವು ಕಾಣದೆಂಬುದನ್ನು ಅಲ್ಲಿಯವರಿಗೆ ವಿವರಿಸಬೇಕಾದುದಿಲ್ಲ. ಕ್ಯಾಪ್ಸೂಲಿನ ಹೊಳಪೂ ಅಂತಹುದೇ. ಮೆತ್ತನೆಯ ಕ್ಯಾಪ್ಸೂಲುಗಳಲ್ಲಿ ಬಹುಪಾಲಿನ ಹೊರಕವಚವು ಜೆಲಟಿನ್. ಅದನ್ನು ದನ, ಹಂದಿ ಮುಂತಾದ ಪ್ರಾಣಿಗಳ ಎಲುಬು ಚರ್ಮಗಳನ್ನು ಸಂಸ್ಕರಿಸಿ ತೆಗೆಯುತ್ತಾರೆ. ಗಟ್ಟಿಯಾದ ಕ್ಯಾಪ್ಸೂಲುಗಳಲ್ಲಿ ಜೆಲಟಿನ್ನಿಗೆ ಬದಲಾಗಿ ಸಸ್ಯದ ನಾರಿನಿಂದಾದ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಎಂಬ ಕವಚವು ದೊರೆಯುತ್ತದೆ. ಒಳಗಿನ ಔಷಧ ಸಸ್ಯಮೂಲದ್ದಾಗಿಯೂ ಹೊರಗಿನ ಕವಚ ಪ್ರಾಣಿಮೂಲದ್ದಾಗಿಯೂ ಇರಬಹುದಾದ್ದರಿಂದ, ಕವಚದ ವಿಚಾರವನ್ನು ಬೇರೆಯಾಗಿಯೇ ನೋಡತಕ್ಕದ್ದು.

ಡಿ3 ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದು ಅತಿನೇರಳೆ ಬೆಳಕಿಗೊಡ್ಡಿ ತಯಾರಿಸುವರು. ಕಲ್ಲುಹೂವಿನ ಜಾತಿಯ ಸಸ್ಯದಿಂದ ತೆಗೆದ ಡಿ3 ಕೂಡ ಈಗ ಉಂಟು. ಲೇಬಲಿನಲ್ಲಿ ಹಾಗೆಂದು ಹೇಳಿರುತ್ತದೆ. ಉಣ್ಣೆಯ ಜಿಡ್ಡನ್ನು ಕತ್ತರಿಸಿದ ಉಣ್ಣೆಯಿಂದ ತೆಗೆಯಬಹುದಾದ್ದರಿಂದ ಅದನ್ನು ಎಲುಬಿನ ಜೆಲಟಿನ್ನಿಗೆ ಸಮವೆಂದು ಎಣಿಸಲಾಗದು. ಆದರೆ ವ್ರತವನ್ನು ಯಾವ ಮಾತಿನಲ್ಲಿ ಸ್ವೀಕರಿಸಿದೆಯೆಂಬುದು ಇಲ್ಲಿ ಮುಖ್ಯ. ವಸ್ತುಸ್ಥಿತಿಯನ್ನು ತಿಳಿದು, ವ್ರತವಿತ್ತ ಗುರುಗಳಲ್ಲಿ ಅರಿಕೆಮಾಡಿ ನಿರ್ಣಯಿಸಿಕೊಳ್ಳುವುದು ಉಚಿತ. ಬಿ12 ಜೀವಸತ್ವವನ್ನು ಸೂಕ್ಷ್ಮಜೀವಿಗಳ ಸಹಾಯದಿಂದ ದೊಡ್ಡ ತೊಟ್ಟಿಗಳಲ್ಲಿ ಹುದುಗು ಬರಿಸಿ ತೆಗೆಯುತ್ತಾರೆ. ಅದರಲ್ಲಿ ಪ್ರಾಣಿಯ ಅಂಗವಿಲ್ಲ. ಸುಣ್ಣದ ಮಾತ್ರೆಗಳು ಎರಡು ಬಗೆ: ಸುಣ್ಣಕಲ್ಲಿನಿಂದಾದವು ಮತ್ತು ಸಮುದ್ರದ ಚಿಪ್ಪುಜೀವಿಗಳ ಚಿಪ್ಪಿನಿಂದಾದವು. ಕೀಲುನೋವಿಗೆಂದು ಮಾರುವ ಗ್ಲೂಕೊಸಮೀನ್ ಸಾಮಾನ್ಯವಾಗಿ ಸೀಗಡಿ, ಏಡಿಗಳ ಚಿಪ್ಪಿನದು. ಕೊಲಾಜೆನ್ ಎಂಬುದು ಮೀನು ಅಥವಾ ದನದ್ದು. ಒಮೆಗಾ-3 ಎಂಬುದು ಮೀನಿನ ಎಣ್ಣೆಯಲ್ಲದೆ ಅಗಸೆಯಿಂದಲೂ ನೀರಿನ ಪಾಚಿಯಿಂದಲೂ ದೊರೆಯುತ್ತದೆ. ಮೆಗ್ನೀಸಿಯಂ ಸ್ಟಿಯರೇಟ್ ಎಂಬ ನುಣುಪುಕಾರಕವು ಸಸ್ಯದ ಕೊಬ್ಬಿನದೋ ಪ್ರಾಣಿಯ ಕೊಬ್ಬಿನದೋ ಎಂದು ಹೆಸರಿನಿಂದ ತಿಳಿಯದು.

ಹೆಸರಿನ ಬದಲು ಬರಿಯ ಸಂಕೇತಸಂಖ್ಯೆಯನ್ನು ಹಾಕುವ ರೂಢಿಯು ಇನ್ನೊಂದು ತೊಡಕು. 631 ಎಂಬ ಸಂಖ್ಯೆಯ ರುಚಿಕಾರಕವು ಮಾಂಸ ಅಥವಾ ಮೀನಿನ ಮೂಲದ್ದೂ ಆಗಿರಬಹುದು. ಇಂತಹ ದ್ರವ್ಯಗಳ ಮೂಲವು ಸಸ್ಯವೋ, ಪ್ರಾಣಿಯೋ, ಪ್ರಯೋಗಶಾಲೆಯೋ ಎಂಬುದನ್ನು ಸಂಖ್ಯೆಯ ಜತೆಗೆ ಸ್ಪಷ್ಟಪಡಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಆದೇಶಿಸಿತು. ಪ್ರಮಾಣವು ಎಷ್ಟೇ ಅಲ್ಪವಾಗಿದ್ದರೂ ಪ್ರಾಣಿಮೂಲವಿದ್ದರೆ ಆಹಾರವು ಮಾಂಸಾಹಾರವೇ ಆಗುವುದೆಂಬ ಅದರ ಅಭಿಪ್ರಾಯವು ವ್ರತದೃಷ್ಟಿಗೆ ಬಹಳ ಸಮೀಪದ್ದು.

ಬೆಟ್ಟದ ನೆಲ್ಲಿ

ಮೂಲವು ಶುದ್ಧವಾಗಿದ್ದ ಮಾತ್ರಕ್ಕೆ ಪದಾರ್ಥವು ಶುದ್ಧವಾಯಿತೆಂದಲ್ಲ. ಇದಕ್ಕೆ ನೆಲ್ಲಿಕಾಯಿಯೇ ಉತ್ತಮವಾದ ಉದಾಹರಣೆ. ಚ್ಯವನಪ್ರಾಶದ ಮುಖ್ಯದ್ರವ್ಯವೂ ಸಿ ಜೀವಸತ್ವದ ಅನೇಕ ಪೂರಕಗಳ ಆಧಾರವೂ ಆದ ಇದು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿ ಎರಡು ಜಾತಿಯ ನೆಲ್ಲಿಗಳಿವೆ. ಒಣಕುರುಚಲಿನಲ್ಲಿ ಬೆಳೆಯುವ ಜಾತಿಯ ಕಾಯಿ ಇನ್ನೊಂದಕ್ಕಿಂತ ದಪ್ಪ. ಸೋಲಿಗರು ಕಾಯಿಗಳನ್ನು ಕಿತ್ತು ತಮ್ಮ ಸಂಘಗಳಿಗೆ ಒಪ್ಪಿಸುವ ಪದ್ಧತಿ ಬಹುಕಾಲದ್ದು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಶ್ರಯದಲ್ಲಿ ಜೇನು, ನೆಲ್ಲಿಗಳ ಸಂಸ್ಕರಣೆಯ ಪ್ರಯತ್ನಗಳು ಬೆಟ್ಟದಲ್ಲಿಯೇ ನಡೆದವು. ವನ್ಯಜೀವಿ ಕಾಯಿದೆಯ ತಿದ್ದುಪಡಿಯಿಂದ ಅರಣ್ಯದ ಉತ್ಪನ್ನಗಳ ಮಾರಾಟಕ್ಕೆ ಕೆಲವು ವರ್ಷ ತಡೆಯುಂಟಾಗಿ, 2011ರಲ್ಲಿ ಅರಣ್ಯಹಕ್ಕು ಕಾಯಿದೆಯನ್ವಯ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಮರಗಳನ್ನು ಬಂದಳಿಕೆಯು ಆವರಿಸಿ ಫಸಲು ಕುಗ್ಗಿಸುವ ತೊಂದರೆಯೂ ಅಲ್ಲಿ ಬಹಳ ದಿನಗಳದ್ದು.

ಮರದ ಮೇಲಿನ ಕಾಯಿಯಲ್ಲಿ ದೋಷವಿಲ್ಲ. ದೋಷವು ಬರುವುದು ಕೊಯ್ದ ಮೇಲೆ. ನೆಲದಲ್ಲಿ ಹರಡಿ ಒಣಗಿಸಿದರೆ ಮಣ್ಣು ಸೇರುತ್ತದೆ. ತೇವಾಂಶ ಉಳಿದರೆ ಬೂಷ್ಟು ಹಿಡಿಯುತ್ತದೆ. ತೊಳೆದ ನೀರು ಕೆಟ್ಟದಾಗಿದ್ದರೆ ರೋಗಾಣುಗಳು ಬರುತ್ತವೆ. ಅರೆಯುವ ಯಂತ್ರದಿಂದ ಲೋಹದ ಕಣ ಸೇರಬಹುದು. ಆದುದರಿಂದ ಒಳ್ಳೆಯ ತಯಾರಕನು ಪ್ರತಿಯೊಂದು ಬ್ಯಾಚಿಗೂ ತೇವಾಂಶ, ಬೂಷ್ಟಿನ ವಿಷ, ರೋಗಾಣು, ಭಾರಲೋಹಗಳ ಪರೀಕ್ಷೆ ನಡೆಸಿ, ಆ ಬ್ಯಾಚಿನ ಸಂಖ್ಯೆಯನ್ನು ಸೀಸೆಯ ಮೇಲೆ ಹಾಕುತ್ತಾನೆ. ಭಾರತೀಯ ಆಯುರ್ವೇದ ಔಷಧಕೋಶವು ಮೂಲಿಕೆಗಳಲ್ಲಿ ಹತ್ತು ಲಕ್ಷ ಭಾಗಕ್ಕೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗಗಳ ಮಿತಿಯನ್ನು ವಿಧಿಸಿದೆ. ಸತ್ವದ ಪ್ರಮಾಣವೂ ಪರೀಕ್ಷಿಸತಕ್ಕದ್ದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಹಸಿ ನೆಲ್ಲಿಗೆ 600 ಮಿಲಿಗ್ರಾಂ ಸಿ ಜೀವಸತ್ವವೆಂದಿದ್ದರೆ, 2017ರ ಕೋಷ್ಟಕದಲ್ಲಿ ಅದು ಸುಮಾರು 250. ಬಿಸಿಲಿನಲ್ಲಿ ಒಣಗಿಸಿದಾಗ ಇನ್ನೂ ಕಡಿಮೆಯಾಗುತ್ತದೆ. ಹಳೆಯ ಅಂಕಿಯನ್ನೇ ಲೇಬಲಿಗೆ ಏರಿಸಿದವನು ಪರೀಕ್ಷೆ ಮಾಡಿಸಿಲ್ಲವೆಂದೇ ತಿಳಿಯಬೇಕು.

ಕಣ್ಣಿನ ಶೋಧನೆಯೊಂದೇ ಸಾಲದೆಂಬುದಕ್ಕೆ ಈ ಸೀಮೆಯಲ್ಲಿಯೇ ದಾರುಣವಾದ ನಿದರ್ಶನವುಂಟು. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ದೇವಾಲಯದಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ಸೇವಿಸಿ 17 ಮಂದಿ ಮೃತಪಟ್ಟರು. ನೂರಕ್ಕೂ ಮಿಕ್ಕಿದವರು ಆಸ್ಪತ್ರೆ ಸೇರಿದರು. ಅದು ಪೂರಕವಲ್ಲ, ಅನ್ನ. ಭಕ್ತಿಯಿಂದ ಕೈಯೊಡ್ಡಿ ಪಡೆದದ್ದು. ಬಡಿಸುವವರಲ್ಲಿಟ್ಟ ವಿಶ್ವಾಸವೊಂದರ ಮೇಲೆಯೇ ಜನರು ಅದನ್ನುಂಡರು. ಏನು ಬೆರೆತಿತ್ತೆಂಬುದನ್ನು ಕೊನೆಗೆ ಹೇಳಿದ್ದು ಪ್ರಯೋಗಶಾಲೆ.

ಶಂಕೆ ಮತ್ತು ಸಮಾಧಾನ

ಶಂಕೆ: ಕೆಲವು ಕ್ಯಾಪ್ಸೂಲುಗಳ ಮೇಲೆ ಹಸಿರೂ ಇಲ್ಲ, ಕಂದೂ ಇಲ್ಲ. ಅವು ಕಾನೂನುಬಾಹಿರವೇ?

ಸಮಾಧಾನ: ಅಲ್ಲ. ಅವು ಔಷಧದ ಪರವಾನಗಿಯಲ್ಲಿ ತಯಾರಾದವು. ಔಷಧಗಳಿಗೂ ಸೌಂದರ್ಯಸಾಧನಗಳಿಗೂ ಈ ಚಿಹ್ನೆಗಳು ಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು 2002ರಲ್ಲಿ ನೀಡಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ರದ್ದುಗೊಳಿಸಿತು. ಒಂದೇ ಡಿ3 ಜೀವಸತ್ವವು 600 ಘಟಕಗಳ ಪೂರಕವಾಗಿ ಬಂದರೆ ಚಿಹ್ನೆಯಿರುತ್ತದೆ. ವಾರಕ್ಕೊಮ್ಮೆ ನುಂಗುವ 60,000 ಘಟಕಗಳ ಔಷಧವಾಗಿ ಬಂದರೆ ಇರುವುದಿಲ್ಲ. ಈ ಎರಡನೆಯದು ಅನೇಕ ವೇಳೆ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಬರುವುದರಿಂದ, ಪುಡಿಯ ಪೊಟ್ಟಣವಾಗಿಯೋ ದ್ರವವಾಗಿಯೋ ಬರೆದುಕೊಡುವಂತೆ ವೈದ್ಯರನ್ನು ಮೊದಲೇ ಕೇಳಬೇಕು. ವ್ರತದ ಹೆಸರಿನಲ್ಲಿ ವೈದ್ಯರಿಗೆ ತಿಳಿಸದೆ ಔಷಧವನ್ನೇ ಬಿಟ್ಟುಬಿಡುವುದು ಸರ್ವಥಾ ಸಲ್ಲದು.

ಶಂಕೆ: ಏಕಭುಕ್ತದವರು ಎಲ್ಲ ಮಾತ್ರೆಗಳನ್ನೂ ಒಂದೇ ಸಲ ತೆಗೆದುಕೊಳ್ಳಬಹುದೇ?

ಸಮಾಧಾನ: ಸುಣ್ಣ ಮತ್ತು ಕಬ್ಬಿಣಗಳನ್ನು ಒಟ್ಟಿಗೆ ಸೇವಿಸಿದರೆ ಸುಣ್ಣವು ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ. ದಿನಬಿಟ್ಟು ದಿನ ಒಂದೊಂದನ್ನು ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ವಿಚಾರಿಸಬೇಕು. ನೆಲ್ಲಿಯಲ್ಲಿರುವ ಸಿ ಜೀವಸತ್ವವಾದರೋ ಕಬ್ಬಿಣದ ಹೀರಿಕೆಗೆ ಸಹಾಯಕ. ರಾತ್ರಿಯ ಊಟದ ಬಳಿಕವೆಂದು ಬರೆದ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮುಂಚೆ ತೆಗೆದುಕೊಳ್ಳಲಾದೀತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಶಂಕೆ: ಪದಾರ್ಥದ ಬಗ್ಗೆ ಸಂಶಯ ಬಂದರೆ ಸಾಮಾನ್ಯನು ಮಾಡುವುದೇನು?

ಸಮಾಧಾನ: ಕಾಯಿದೆಯ 40ನೆಯ ಪ್ರಕರಣದಂತೆ ಕೊಂಡವನೇ ಶುಲ್ಕ ತೆತ್ತು ಆಹಾರವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು; ಕೊಳ್ಳುವಾಗಲೇ ಅಂಗಡಿಯವನಿಗೆ ಆ ಉದ್ದೇಶವನ್ನು ತಿಳಿಸಿರಬೇಕು. ತಪ್ಪು ಲೇಬಲಿಗೆ 52ನೆಯ ಪ್ರಕರಣದಲ್ಲಿ 3 ಲಕ್ಷ ರೂಪಾಯಿಗಳವರೆಗೆ ದಂಡವುಂಟು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ವಿಷಯದಲ್ಲಿ ಉನ್ನತ ಪ್ರಯೋಗಶಾಲೆಗಳಲ್ಲೊಂದು.

ಶಂಕೆ: ಪುಡಿಯ ಸೀಸೆಯ ಮೇಲೆ 24 ತಿಂಗಳ ಅವಧಿಯಿದೆ. ಮರ್ಯಾದೆಯನ್ನು ಪಾಲಿಸುವವರಿಗೆ ಅದು ಸಲ್ಲುವುದೇ?

ಸಮಾಧಾನ: ಸಲ್ಲದು. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನೆಣಿಸುವವರಿಗೆ ಕಾರ್ಖಾನೆಯ ಅವಧಿಯು ಬೇರೊಂದು ಲೆಕ್ಕ. ಬೂಷ್ಟು ಬಾರದೆಂಬುದಕ್ಕೆ ಅದು ಭರವಸೆ, ಅಷ್ಟೇ. ಅಂತಹವರು ಬೀಜ ತೆಗೆದು ಒಣಗಿಸಿದ ನೆಲ್ಲಿಚೆಟ್ಟನ್ನು ಗ್ರಂಧಿಗೆ ಅಂಗಡಿಯಿಂದ ಇಡಿಯಾಗಿಯೇ ತಂದು, ಹಗಲಿನಲ್ಲಿ ಆರಿಸಿ, ಮಣ್ಣು ಬೂಷ್ಟುಗಳಿದ್ದ ಚೂರುಗಳನ್ನು ತೆಗೆದುಹಾಕಿ, ಇನ್ನೊಮ್ಮೆ ಬಿಸಿಲಿಗಿಟ್ಟು, ಬಿಗಿಯಾದ ಮುಚ್ಚಳದ ಪಾತ್ರೆಯಲ್ಲಿರಿಸಿಕೊಳ್ಳಬಹುದು. ಒಣಗಿದ್ದು ಪ್ರಾಸುಕವಾದ್ದರಿಂದ ಸಚಿತ್ತತ್ಯಾಗಿಗಳಿಗೂ ಬಾಧಕವಿಲ್ಲ. ಬೇಕಾದಾಗ ಮೂರು ದಿನಕ್ಕಾಗುವಷ್ಟನ್ನು ಮಾತ್ರ ಕುಟ್ಟಿಕೊಳ್ಳುವುದು.